ಕೆಂಬಂಡೆಯ ಕಣಿವೆಯಲ್ಲಿ ಒಂದು ದಿನ: ಬಾದಾಮಿಯಿಂದ ಶಿವಯೋಗಮಂದಿರದವರೆಗೆ

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯು ಇಂದು ನಾಡಿನ ಪ್ರವಾಸಿಗರಿಗೆ ಅಪರಿಚಿತವಾದ ಊರೇನೂ ಅಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಉತ್ಸವ ರಾಕ್ ಗಾರ್ಡನ್ನು 2009ರಿಂದ ಜನರನ್ನು ಕರೆಯುತ್ತಿದೆ. ಅದರ ಹಿಂದೆಯೇ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ನಮ್ಮೂರಿನ ನೆಲದಲ್ಲಿ ಸ್ಥಾಪನೆಯಾಯಿತು. ಒಕ್ಕಲುತನದ ಬದುಕನ್ನು ಸಿಮೆಂಟಿನಲ್ಲಿ ಹಿಡಿದಿಟ್ಟ ಆ ಪ್ರತಿಮೆಗಳನ್ನು ನೋಡಲು ದೂರದೂರದ ಊರುಗಳಿಂದ ಶಾಲಾ ಮಕ್ಕಳು ಬಂದಿಳಿಯುವುದನ್ನು ನಾವು ವರುಷವೆಲ್ಲ ಕಾಣುತ್ತೇವೆ. ಆದರೆ ಮನುಷ್ಯನ ಕೈ ತಾಗುವುದಕ್ಕೆ ಕೋಟಿ ಕೋಟಿ ವರುಷ ಮೊದಲೇ ಮಳೆ ಗಾಳಿಗಳು ಕಡೆದಿಟ್ಟ ಕಲ್ಲಿನ ತೋಟವೊಂದು ನಮ್ಮ ಊರಿಂದ ನಾಲ್ಕು ತಾಸಿನ ಹಾದಿಯಲ್ಲಿದೆ. ಅದು ಬಾದಾಮಿಯ ಕೆಂಬಂಡೆಗಳ ಕಣಿವೆ.

ಬಾದಾಮಿಯನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಬನಶಂಕರಿ ಜಾತ್ರೆಗೆ ಹೋದವರು, ಮದುವೆಯ ಮರುದಿನ ಗುಹೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡವರು ಮನೆಮನೆಯಲ್ಲಿ ಇದ್ದಾರೆ. ಆದರೆ ಗುಹೆಗಳ ಬಳಿ ವಾಹನ ಇಳಿದು, ಮತ್ತೆ ವಾಹನ ಹತ್ತಿ ಪಟ್ಟದಕಲ್ಲಿಗೆ ಓಡುವ ಪ್ರವಾಸದಲ್ಲಿ ಕಣಿವೆಯು ಕಣ್ಣಿಗೆ ಬೀಳುವುದಿಲ್ಲ. ಅದು ಕಾಲಿಗೆ ಮಾತ್ರ ದಕ್ಕುವ ಸಂಪತ್ತು. ಬಾದಾಮಿಯ ಗುಡ್ಡವನ್ನೇರಿ, ಮೇಲಿನ ಬಯಲನ್ನು ದಾಟಿ ಮಹಾಕೂಟಕ್ಕೆ ಇಳಿಯುವ ಹಳೆಯ ಕಾಲುದಾರಿಯೊಂದಿದೆ. ರಸ್ತೆಯ ಮೇಲೆ ಸುತ್ತಿ ಹೋದರೆ ಇದರ ಎರಡು ಪಟ್ಟಿಗೂ ಹೆಚ್ಚು ದೂರವಾಗುವ ಈ ಹಾದಿಯನ್ನು ಬಸ್ಸು ಕಾಣದ ಕಾಲದ ಯಾತ್ರಿಕರು ನಡೆದೇ ಸವೆಸಿದ್ದರು. ಆ ಹಾದಿಯನ್ನು ನಡೆದು, ಮಹಾಕೂಟವನ್ನು ನೋಡಿ, ಸಂಜೆಗೆ ಮಲಪ್ರಭೆಯ ದಂಡೆಯ ಶಿವಯೋಗಮಂದಿರದಲ್ಲಿ ಪೂಜ್ಯ ಕುಮಾರ ಶಿವಯೋಗಿಗಳ ಗದ್ದುಗೆಗೆ ತಲೆವಾಗಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಗೊಟಗೋಡಿ ಮತ್ತು ಸುತ್ತಲಿನ ಮೂರು ಊರುಗಳ ಬಂಧುಗಳು ಸೇರಿ ನಾವು ಹದಿಮೂರು ಜನ. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕರೊಬ್ಬರು ನಮ್ಮೆಲ್ಲರಿಗೂ ಹಿರಿಯರು. ಆರನೆಯ ಇಯತ್ತೆಯ ಹುಡುಗಿಯೊಬ್ಬಳು ಎಲ್ಲರಿಗಿಂತ ಕಿರಿಯಳು. ಮಾರ್ಗಶಿರದ ಚಳಿಯಲ್ಲಿ ನಸುಕಿಗೆ ಮೊದಲೇ ಮಿಂದು, ಲಿಂಗಪೂಜೆ ಮುಗಿಸಿ, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಟೆವು. ಹುಬ್ಬಳ್ಳಿ, ನವಲಗುಂದ, ನರಗುಂದಗಳನ್ನು ದಾಟಿ ಕುಳಗೇರಿ ಕ್ರಾಸಿನಲ್ಲಿ ಹೊರಳಿದಾಗ, ಎರೆಹೊಲದ ಕರಿಯ ಬಣ್ಣವು ನಿಧಾನವಾಗಿ ಕೆಂಪಿಗೆ ತಿರುಗತೊಡಗಿತು. ಬಿಳಿಜೋಳದ ಹೊಲಗಳ ಆಚೆ ಗೋಡೆ ಕಟ್ಟಿದಂತೆ ನೆಟ್ಟಗೆ ನಿಂತ ಬಂಡೆಗಳು ಕಂಡಾಗ ಹೊತ್ತು ಆಗತಾನೆ ಏರಿತ್ತು.

ಕಲ್ಲು ಹೇಳುವ ಕಥೆ

ಈ ಬಂಡೆಗಳು ಮರಳುಗಲ್ಲಿನವು. ಇವುಗಳನ್ನು ಭೂವಿಜ್ಞಾನಿಗಳು ಕಲಾದಗಿ ಶಿಲಾವಲಯಕ್ಕೆ ಸೇರಿಸುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸನು 1876ರಷ್ಟು ಹಿಂದೆಯೇ ಈ ಸೀಮೆಯ ಕಲ್ಲುಗಳ ವರ್ಣನೆಯನ್ನು ಪ್ರಕಟಿಸಿದ್ದನು. ಐವತ್ತು ಕೋಟಿ ವರುಷಗಳಿಗೂ ಬಹಳ ಹಿಂದೆ, ನೆಲದ ಮೇಲೆ ಹುಲ್ಲುಕಡ್ಡಿಯೂ ಹುಟ್ಟದಿದ್ದ ಕಾಲದಲ್ಲಿ, ಇಲ್ಲಿ ಹರಿದ ನೀರು ಪದರ ಪದರವಾಗಿ ಉಸುಕನ್ನು ಹಾಸುತ್ತ ಹೋಯಿತು. ಆ ಉಸುಕು ತನ್ನದೇ ಭಾರಕ್ಕೆ ಒತ್ತಿ ಗಟ್ಟಿಗೊಂಡು ಕಲ್ಲಾಯಿತು. ಅದರೊಳಗಿನ ಕಬ್ಬಿಣದ ಅಂಶವು ಗಾಳಿಯ ಸಂಗದಿಂದ ತುಕ್ಕುಗಟ್ಟಿ ಬಂಡೆಗೆ ಕೆಂಬಣ್ಣವನ್ನು ಕೊಟ್ಟಿತು. ಬಳಿಕ ಮಳೆಯ ನೀರು ಬಂಡೆಯ ನೆಟ್ಟನೆಯ ಬಿರುಕುಗಳಲ್ಲಿ ಇಳಿದು, ಬುಡದ ಮೆದು ಪದರಗಳನ್ನು ಕೊರೆದು, ಮೇಲಿನ ದಿಮ್ಮಿಗಳನ್ನು ಒಂದೊಂದಾಗಿ ಕೆಡವಿತು. ಕೆಡವಿದ ಜಾಗ ಕಣಿವೆಯಾಯಿತು. ಉಳಿದ ಜಾಗ ಕೋಟೆಯಂತೆ ನಿಂತಿತು.

ಅಗಸ್ತ್ಯತೀರ್ಥದ ಉತ್ತರದ ಗುಡ್ಡವನ್ನು ಏರುವ ಮೆಟ್ಟಿಲ ಹಾದಿಯು ಇಂತಹ ಒಂದು ಬಿರುಕಿನೊಳಗೇ ಸಾಗುತ್ತದೆ. ಎರಡೂ ಕಡೆ ಹತ್ತಾರು ಆಳೆತ್ತರದ ಕೆಂಪು ಗೋಡೆ, ನಡುವೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಇಕ್ಕಟ್ಟು, ತಲೆಯ ಮೇಲೆ ಆಕಾಶದ ಒಂದು ಪಟ್ಟಿ. ಹೊರಗೆ ಬಿಸಿಲು ಚುರುಗುಟ್ಟುವಾಗಲೂ ಒಳಗೆ ಮಡಕೆಯ ತಂಪು. ನಮ್ಮ ಶಿಕ್ಷಕರು ಕೋಲಿನ ತುದಿಯಿಂದ ಬಂಡೆಯೊಂದರ ಹಾಸಿನ ಮೇಲಿನ ಸಣ್ಣ ಅಲೆಗಳ ಗೆರೆಗಳನ್ನು ಮಕ್ಕಳಿಗೆ ತೋರಿಸಿದರು. ಹಳ್ಳದ ಉಸುಕಿನ ಮೇಲೆ ನೀರು ಬಿಡುವ ಗೆರೆಗಳೇ ಅವು; ನಿನ್ನೆ ಮೂಡಿದಂತೆ ಕಾಣುವ ಆ ಗೆರೆಗಳನ್ನು ಎಳೆದ ನೀರು ಹರಿದುಹೋಗಿ ಯುಗಗಳೇ ಸಂದಿವೆ. ಮಕ್ಕಳು ಬೆರಳಿನಿಂದ ಅವುಗಳನ್ನು ಸವರಿ ಸವರಿ ನೋಡಿದರು.

ಅಮೆರಿಕೆಯ ಅರಿಝೋನಾ ಪ್ರಾಂತದಲ್ಲಿ ಕೊಲರಾಡೊ ನದಿಯು ಕೊರೆದಿರುವ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಣಿವೆಯ ಹೆಸರನ್ನು ಓದುಗರು ಕೇಳಿರಬಹುದು. 446 ಕಿಲೋಮೀಟರು ಉದ್ದ, ಸುಮಾರು ಒಂದೂವರೆ ಕಿಲೋಮೀಟರಿಗೂ ಮೀರಿದ ಆಳ. 1919ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಅಲ್ಲಿನ ಬೃಹತ್ ಗಾತ್ರದ ಮುಂದೆ ನಮ್ಮ ಬಾದಾಮಿ ಒಂದು ಬೊಗಸೆ ಮಾತ್ರ. ಆದರೆ ವಯಸ್ಸಿನಲ್ಲಿ ನಮ್ಮ ಕಲ್ಲೇ ಹಿರಿಯದು: ಆ ಕಣಿವೆಯ ಅಂಚಿನ ಮೇಲ್ಪದರದ ಕಲ್ಲಿಗೆ ಇಪ್ಪತ್ತೇಳು ಕೋಟಿ ವರುಷವೆಂದು ಲೆಕ್ಕ ಹಾಕಿದ್ದಾರೆ, ಅದರ ತಳದ ಕಲ್ಲುಗಳು ಮಾತ್ರ ನೂರೆಪ್ಪತ್ತು ಕೋಟಿ ವರುಷದವು. ನಮ್ಮವರಿಗೆ ಕುತೂಹಲವೆನಿಸುವ ಸಂಗತಿ ಇನ್ನೊಂದಿದೆ. ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಯು 1882ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆ ಕಣಿವೆಯ ನಡುವೆ ಎದ್ದುನಿಂತ ಶಿಖರಗಳಿಗೆ ಪೂರ್ವದೇಶದ ದೇವರ ಹೆಸರುಗಳನ್ನಿಟ್ಟನು. ಅವುಗಳಲ್ಲೊಂದು ‘ಶಿವನ ಗುಡಿ’. ಅಲ್ಲಿ ಗರ್ಭಗುಡಿಯಿಲ್ಲ, ಅರ್ಚಕನಿಲ್ಲ, ಗಂಟೆಯಿಲ್ಲ. ಸುತ್ತಲೂ ಕಡಿದಾದ ಪ್ರಪಾತವಿರುವ ಬರಿಯ ಬಂಡೆ. ಲೋಕದಿಂದ ಬೇರೆಯಾಗಿ ನಿಂತ ಆ ತುದಿಯ ಮೇಲೆ ಬೇರೆಯೇ ಬಗೆಯ ಪ್ರಾಣಿಗಳು ವಿಕಾಸಗೊಂಡಿರಬಹುದೆಂದು 1937ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ವಿಜ್ಞಾನಿಗಳು ಹತ್ತಿ ಹುಡುಕಿದರಂತೆ. ಸಿಕ್ಕದ್ದು ಸುತ್ತಲಿನ ನೆಲದಲ್ಲಿರುವಂತಹ ಪ್ರಾಣಿಗಳೇ.

ಬಂಡೆಯ ಮೇಲಿನ ಕನ್ನಡ

ಬಾದಾಮಿಯ ಬಂಡೆಗಳು ಬರೆದ ಹಾಳೆಗಳೂ ಹೌದು. ಒಂದನೆಯ ಪುಲಕೇಶಿಯು ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ವಾತಾಪಿಯ ಗುಡ್ಡವನ್ನು ದುರ್ಗವಾಗಿಸಿದ ಸಂಗತಿಯನ್ನು ಬಂಡೆಯ ಮೇಲೇ ಕೆತ್ತಿಸಿದನು. ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವು 578ನೆಯ ಇಸವಿಯದು. ಅದೇ ಗುಹೆಯ ಹೊರಗೆ ಅವನದೇ ಒಂದು ಕನ್ನಡ ಶಾಸನವಿದ್ದು, ಲಂಜಿಗೇಸರ ಎಂಬ ಗ್ರಾಮದ ದತ್ತಿಯನ್ನು ಹೇಳುತ್ತದೆ. ವಿದ್ವಾಂಸರು ಆ ಊರನ್ನು ಮಹಾಕೂಟದ ಬಳಿಯ ಇಂದಿನ ನಂದಿಕೇಶ್ವರವೆಂದು ಗುರುತಿಸಿದ್ದಾರೆ. ನಾವು ಆ ಸಂಜೆ ದಾಟಲಿದ್ದ ಊರೇ ಅದು. ಹದಿನಾಲ್ಕು ಶತಮಾನಗಳ ಹಿಂದಿನ ಕನ್ನಡದಲ್ಲಿ ಹೆಸರು ಕಂಡ ಊರಿನಲ್ಲಿ ಇಂದಿಗೂ ರೊಟ್ಟಿ ಬಡಿಯುವ ಸಪ್ಪಳ ಕೇಳುವುದೆಂದರೆ ಸಾಮಾನ್ಯ ಸಂಗತಿಯೇ?

ಕೆರೆಯ ಈಶಾನ್ಯದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ನಮ್ಮ ಭಾಗದವರು ವಿಶೇಷವಾಗಿ ನೋಡಬೇಕು. ಸುಮಾರು ಕ್ರಿ.ಶ. 700ರ ಆ ಬರಹದಲ್ಲಿ ಕನ್ನಡದ ತ್ರಿಪದಿಯು ಮೊದಲ ಬಾರಿಗೆ ಕಲ್ಲಿನ ಮೇಲೆ ಮೂಡಿದೆ. ಒಳ್ಳೆಯವರಿಗೆ ಒಳ್ಳೆಯವನೂ ಕೆಟ್ಟವರಿಗೆ ಗಟ್ಟಿಗನೂ ಆದ ವೀರನೊಬ್ಬನ ಸ್ವಭಾವವನ್ನು ಅದು ಬಣ್ಣಿಸುತ್ತದೆ. ಅದೇ ಮೂರು ಸಾಲಿನ ಛಂದಸ್ಸನ್ನು ಮನೆಮನೆಯ ಬೀಸುಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡಿದರು. ಹಿರೇಕೆರೂರು ಸೀಮೆಯವನೆಂದು ನಾವು ಹೆಮ್ಮೆಪಡುವ ಸರ್ವಜ್ಞನು ಅದರಲ್ಲಿಯೇ ನಾಡಿಗೆಲ್ಲ ಬುದ್ಧಿ ಹೇಳಿದನು. ಬಾದಾಮಿಯ ಬಂಡೆಗೂ ನಮ್ಮ ಅಡುಗೆಮನೆಯ ಕಲ್ಲಿಗೂ ಇಂತಹ ನಂಟಿದೆ.

ಅರಸರು ಬರುವುದಕ್ಕೆ ಎಷ್ಟೋ ಕಾಲ ಮೊದಲು ಇಲ್ಲಿ ಜನ ಬಾಳಿದ್ದರು. ಊರಿನಿಂದ ಮೂರುನಾಲ್ಕು ಕಿಲೋಮೀಟರು ದೂರದ ಕುರುಚಲು ಕಾಡಿನಲ್ಲಿರುವ ಸಿಡಿಲಪಡಿ ಎಂಬ ಬಂಡೆಯ ಆಸರೆಯಲ್ಲಿ ಆದಿಮಾನವರ ವರ್ಣಚಿತ್ರಗಳಿವೆ. ಸಿಡಿಲು ಬಡಿದು ತೂತಾದ ಪಡಿ ಎಂಬುದು ಜನರ ನಂಬಿಕೆ. ಹೆಸರೂ ಅದರಿಂದಲೇ ಬಂದದ್ದು.

ನೀರಿನ ಲೆಕ್ಕ

ಬಿರುಕಿನ ಹಾದಿ ಮುಗಿದು ಮೇಲಿನ ಬಯಲಿಗೆ ಬಂದೊಡನೆ ನೋಟವೇ ಬದಲಾಗುತ್ತದೆ. ಕಣ್ಣು ಹಾಯುವವರೆಗೆ ಕೆಂಪು ಬಂಡೆಯ ಹಾಸು, ಅದರ ಸಂದುಗಳಲ್ಲಿ ಕಾರಿ, ಕವಳಿ, ಬಾರಿ, ತಂಗಡಿಯ ಪೊದೆಗಳು, ಅಲ್ಲಲ್ಲಿ ಕಳ್ಳಿಯ ಗುಂಪು. ದೊಡ್ಡ ಮರದ ನೆರಳೆಂಬುದು ಬಹಳ ಕಡಿಮೆ. ಇದೇ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರಗಳಿಗಾಗಿ ಸುಮಾರು 96 ಚದರ ಕಿಲೋಮೀಟರಿನ ಅಭಯಾರಣ್ಯವನ್ನು ಘೋಷಿಸಲಾಗಿದೆ. ರಾಜಸ್ಥಾನದ ಮರುಭೂಮಿಯಲ್ಲಿ ಓಡಾಡುವ ಜಿಂಕೆಯೇ ಇಲ್ಲಿಯೂ ಬಾಳುತ್ತದೆಂದರೆ ಈ ನೆಲದ ನೀರಡಿಕೆ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು. ಹಾನಗಲ್ಲಿನ ಕೆರೆಗಳನ್ನೂ ಭತ್ತದ ಗದ್ದೆಗಳನ್ನೂ ಕಂಡು ಬೆಳೆದ ನಮಗೆ ಇದು ಬೇರೆಯೇ ಲೋಕ.

ನೀರಿನ ಲೆಕ್ಕವನ್ನು ಶಿಕ್ಷಕರು ಹಿಂದಿನ ದಿನವೇ ಹಾಕಿಟ್ಟಿದ್ದರು. ಒಟ್ಟು ಮೂವತ್ತು ಲೀಟರು. ಗಟ್ಟಿ ಹೆಗಲಿನವರು ಹೆಚ್ಚು, ಮಕ್ಕಳು ಕಡಿಮೆ ಹೊರಬೇಕು. ತಾಸಿಗೊಮ್ಮೆ ಮಾತ್ರ ಕುಡಿಯಬೇಕು. ಬಂಡೆಯ ಮಡಿಲಿನಲ್ಲಿ ನೀರು ನಿಂತಿರುವ ಅರಳಿತೀರ್ಥದಂತಹ ತಾಣಗಳು ಈ ಗುಡ್ಡದಲ್ಲಿ ಉಂಟು. ಆದರೆ ಹಿಂದಿನವರು ಕುಡಿದ ನೀರನ್ನು ಇಂದು ನಂಬಿ ಕುಡಿಯುವಂತಿಲ್ಲ. ಬಂದುಹೋದವರು ಬಿಟ್ಟ ಬಾಟಲಿ, ಚೀಲ, ಗುಟಕಾದ ಹಾಳೆಗಳು ಎಲ್ಲೆಲ್ಲೂ ಬಿದ್ದಿದ್ದವು.

ಹೊತ್ತು ನೆತ್ತಿಗೆ ಸಮೀಪಿಸುತ್ತಿದ್ದಾಗ, ಅರ್ಧ ಹಾದಿಗಿಂತ ತುಸು ಮುಂದೆ, ಬಂಡೆಯೊಂದರ ನೆರಳಿನಲ್ಲಿ ನಾಲ್ವರು ತರುಣರು ಕುಳಿತಿರುವುದು ಕಂಡಿತು. ಕಾಲೇಜು ಓದುವ ಹುಡುಗರು, ದೂರದ ಊರಿನವರು. ನಸುಕಿನಲ್ಲಿಯೇ ಗುಡ್ಡ ಹತ್ತಿ, ಕುರಿಗಳು ತುಳಿದ ಹಾದಿಯನ್ನೇ ಹಿಡಿದು ದಿಕ್ಕುತಪ್ಪಿ ಅಲೆದಿದ್ದರು. ಅವರ ಬಳಿಯಿದ್ದ ಎರಡು ಬಾಟಲಿಗಳು ಎಂದೋ ಬರಿದಾಗಿದ್ದವು. ಒಬ್ಬನಂತೂ ಮುಖ ಬಾಡಿ, ತುಟಿ ಒಣಗಿ, ಎದ್ದು ನಿಂತರೆ ತಲೆ ತಿರುಗುತ್ತದೆಂದು ಮತ್ತೆ ಕುಳಿತುಬಿಡುತ್ತಿದ್ದನು. ಕೈ ಮುಟ್ಟಿದರೆ ಮೈ ಕಾದ ಹಂಚಿನಂತಿತ್ತು.

ನಮ್ಮ ಬಳಿ ಉಳಿದಿದ್ದುದು ಹತ್ತು ಲೀಟರಿನಷ್ಟು. ಮುಂದಿನ ಹಾದಿ ಇನ್ನೂ ಒಂದೂವರೆ ತಾಸಿನದು; ಜೊತೆಯಲ್ಲಿ ಮಕ್ಕಳು, ಮಂಡಿನೋವಿನ ಇಬ್ಬರು ತಾಯಂದಿರು, ಎಪ್ಪತ್ತು ದಾಟಿದ ಹಿರಿಯರು. ಕೊಡಬಾರದೆಂದು ನಮ್ಮಲ್ಲಿ ಯಾರೂ ಅನ್ನಲಿಲ್ಲ. ಎಷ್ಟು ಕೊಡಬೇಕೆಂಬುದೇ ಪ್ರಶ್ನೆ. ಒಬ್ಬರು ಎರಡು ಬಾಟಲಿ ಸಾಕೆಂದರು. ಇನ್ನೊಬ್ಬರು ಹುಡುಗರನ್ನು ಇಲ್ಲಿಯೇ ಕೂಡಿಸಿ, ನಾವು ಮಹಾಕೂಟಕ್ಕೆ ಹೋಗಿ ಅಲ್ಲಿಂದ ನೀರು ಕಳಿಸೋಣವೆಂದರು. ಎಲ್ಲವೂ ತಕ್ಕ ಮಾತುಗಳೇ. ಚಿಕ್ಕ ಹುಡುಗಿಯು ಶಿಕ್ಷಕರ ಮುಖ ನೋಡಿ, “ಅಜ್ಜಾ, ಇವರಿಗೆ ಕೊಟ್ರ ನಮಗ ಸಾಲತೈತೇನು?” ಎಂದು ಕೇಳಿಯೇಬಿಟ್ಟಳು.

ಹಿರಿಯರು ತಮ್ಮ ಹೆಗಲಿನ ಚೀಲವನ್ನು ಇಳಿಸಿ, ತುಂಬಿದ ಬಾಟಲಿಯನ್ನು ಆ ಹುಡುಗನ ಕೈಗೆ ಕೊಟ್ಟರು. “ಸಾವಕಾಶ ಕುಡಿ ತಮ್ಮಾ, ಗುಟುಕು ಗುಟುಕಾಗಿ ಕುಡಿ,” ಎಂದರು. ಬಳಿಕ ಮಗುವಿನ ಕಡೆ ತಿರುಗಿ, “ನೀರು ಹೊತ್ತವ್ರದಲ್ಲವ್ವಾ, ನೀರಡಿಸಿದವ್ರದು,” ಎಂದರು. ಅಷ್ಟೇ. ಮತ್ತೆ ಯಾರೂ ಲೆಕ್ಕ ಹಾಕಲಿಲ್ಲ. ಒದ್ದೆ ಬಟ್ಟೆಯನ್ನು ಆ ಹುಡುಗನ ಕೊರಳು, ಕಂಕುಳುಗಳಿಗೆ ಹಾಕಿ, ಚಿಟಿಕೆ ಉಪ್ಪು ಮತ್ತು ಬೆಲ್ಲ ಕರಗಿಸಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಅರ್ಧ ತಾಸು ನೆರಳಿನಲ್ಲಿ ಮಲಗಿಸಿದೆವು. ಉಳಿದ ನೀರನ್ನು ಹದಿನೇಳು ಜನಕ್ಕೂ ಒಂದೇ ಅಳತೆಯಲ್ಲಿ ಹಂಚಿಕೊಂಡೆವು. ಎಲ್ಲರೂ ಒಟ್ಟಿಗೆ ನಡೆಯತೊಡಗಿದಾಗ ನಡಿಗೆ ನಿಧಾನವಾಯಿತು, ಹೆಗಲು ಹಗುರವಾಯಿತು, ಗಂಟಲು ಮಾತ್ರ ಒಣಗುತ್ತಲೇ ಇತ್ತು. ಕೊನೆಯ ಅರ್ಧ ತಾಸು ಯಾರೊಬ್ಬರೂ ಮಾತನಾಡಲಿಲ್ಲ.

ದಾಸೋಹವೆಂಬ ಮಾತನ್ನು ನಾವು ಸಭೆಗಳಲ್ಲಿ ಬಹಳ ಕೇಳಿದ್ದೇವೆ. ತುಂಬಿದ ಕಣಜದಿಂದ ಒಂದು ಮರ ಕಾಳು ತೆಗೆದು ಕೊಡುವುದೂ ದಾಸೋಹವೇ, ಸಂದೇಹವಿಲ್ಲ. ಆದರೆ ತನ್ನ ಮನೆಯ ಮಗುವೂ ನೀರಡಿಸಿರುವಾಗ ಪರರ ಮಗುವಿಗೆ ನೀರೆರೆಯುವುದು ಎಂತಹುದೆಂಬುದು ಅಂದು ಆ ಬಂಡೆಯ ಮೇಲೆ ನಮಗೆ ತಿಳಿಯಿತು.

ಮಹಾಕೂಟದ ಮಡಿಲು

ಬಯಲು ಮುಗಿದು ಹಾದಿಯು ಕಲ್ಲುಹಾಸಿನ ಇಳಿಜಾರಾಗುತ್ತಲೇ ಕೆಳಗೆ ದಟ್ಟವಾದ ಹಸಿರಿನ ಗುಂಪೊಂದು ಕಾಣುತ್ತದೆ. ಒಣ ಬೆಟ್ಟದ ಬುಡದಲ್ಲಿ ಇಷ್ಟು ಮರಗಳು ಎಲ್ಲಿಂದ ಬಂದವೆಂದು ಬೆರಗಾಗುವಾಗಲೇ ನೀರಿನ ತಂಪು ಗಾಳಿಯಲ್ಲಿ ತೇಲಿಬರುತ್ತದೆ. ಮೇಲಿನ ಬಂಡೆಗಳು ಕುಡಿದ ಮಳೆಯೆಲ್ಲ ಪದರಗಳ ನಡುವೆ ಸೋಸಿ ಬಂದು ಇಲ್ಲಿ ಬುಗ್ಗೆಯಾಗಿ ಉಕ್ಕುತ್ತದೆ. ನಮ್ಮನ್ನು ನೀರಡಿಸಿದ ಬಂಡೆಯೇ ನಮಗಾಗಿ ನೀರನ್ನು ಕಾಯ್ದಿಟ್ಟಿತ್ತು.

ಆ ಬುಗ್ಗೆಯನ್ನು ಕಟ್ಟಿ ನಿಲ್ಲಿಸಿದ ಕೊಳವೇ ವಿಷ್ಣುಪುಷ್ಕರಿಣಿ. ಸುತ್ತಲೂ ಆರು-ಏಳನೆಯ ಶತಮಾನಗಳ ಚಾಲುಕ್ಯ ದೇಗುಲಗಳು. ದ್ರಾವಿಡ ಶಿಖರ, ನಾಗರ ಶಿಖರಗಳು ಒಂದೇ ಅಂಗಳದಲ್ಲಿ ಅಣ್ಣತಮ್ಮಂದಿರಂತೆ ನಿಂತಿವೆ. ಕೊಳದ ನೀರಿನಲ್ಲಿಯೇ ಇರುವ ಪುಟ್ಟ ಮಂಟಪದಲ್ಲಿ ಮುಖಗಳುಳ್ಳ ಶಿವಲಿಂಗವಿದೆ. ಇಲ್ಲಿದ್ದ ಮಂಗಲೇಶನ ಪ್ರಸಿದ್ಧ ಕಂಬಶಾಸನವನ್ನು ವಿಜಯಪುರದ ವಸ್ತುಸಂಗ್ರಹಾಲಯಕ್ಕೆ ಒಯ್ಯಲಾಗಿದೆ. ಮಹಾಕೂಟೇಶ್ವರ ಗುಡಿಯ ಮುಖಮಂಟಪದಲ್ಲಿ ಉಳಿದಿರುವ ಕನ್ನಡ ಶಾಸನವೊಂದನ್ನು ನಮ್ಮ ಜೊತೆಯ ತಾಯಂದಿರಿಗೆ ತೋರಿಸಿದೆವು. 696ರಿಂದ 733ರವರೆಗೆ ಆಳಿದ ವಿಜಯಾದಿತ್ಯನ ಪ್ರೀತಿಪಾತ್ರಳಾದ ವಿನಾಪೋಟಿ ಎಂಬವಳು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಅರ್ಪಿಸಿದಳೆಂದು ಅದು ಹೇಳುತ್ತದೆ. ತನ್ನ ತಾಯಿಯ ಹೆಸರನ್ನೂ ತಾಯಿಯ ತಾಯಿಯ ಹೆಸರನ್ನೂ ಅವಳು ಮರೆಯದೆ ಬರೆಯಿಸಿದ್ದಾಳೆ. ಪೀಠ, ಛತ್ರಗಳು ಎಂದೋ ಮಾಯವಾಗಿವೆ. ಮೂವರು ಹೆಣ್ಣುಮಕ್ಕಳ ಹೆಸರು ಮಾತ್ರ ಕಲ್ಲಿನಲ್ಲಿ ನಿಂತಿದೆ.

ಹುಡುಗರು ಕೊಳಕ್ಕೆ ಧುಮುಕಿದರು. ಬಿಸಿಲಿಗೆ ಬಾಡಿದ್ದವನೂ ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಟ್ಟು ನಗತೊಡಗಿದ್ದನು. ಶಿಕ್ಷಕರು ಮಿಂದು, ಬಟ್ಟೆ ಬದಲಿಸಿ, ವಿಭೂತಿ ಧರಿಸಿ, ಮರದ ನೆರಳಿನಲ್ಲಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅಂಗೈಯಲ್ಲಿರಿಸಿಕೊಂಡು ಕುಳಿತರು. ಗುಡಿಗಳ ಗಂಟೆ ಸುತ್ತಲೂ ಮೊಳಗುತ್ತಿತ್ತು. ಅವರ ದೃಷ್ಟಿ ಮಾತ್ರ ಅಂಗೈಯನ್ನು ಬಿಟ್ಟು ಕದಲಲಿಲ್ಲ.

ಬುತ್ತಿ ಬಿಚ್ಚಿದಾಗ ನಮ್ಮೊಳಗಿನ ತರುಣನೊಬ್ಬನು ಬಹಳ ಹೊತ್ತಿನಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿದನು. ದೇವರನ್ನು ಮೈಮೇಲೆಯೇ ಧರಿಸಿದ ನಾವು ಇಷ್ಟು ದೂರ ನಡೆದು ಹಳೆಯ ಗುಡಿಗಳನ್ನು ಏಕೆ ನೋಡಬೇಕು? ನಮ್ಮ ಶರಣರು ಕಲ್ಲಿನ ಗುಡಿಗಿಂತ ದೇಹದ ಗುಡಿಯೇ ಹಿರಿದೆಂದು ತೋರಿಸಿಕೊಟ್ಟವರಲ್ಲವೇ?

ಪ್ರಶ್ನೆ ನ್ಯಾಯವಾದದ್ದೇ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ, ಗಟ್ಟಿ ಮೊಸರುಗಳನ್ನು ಹಂಚುತ್ತ ಅದರ ಸುತ್ತ ಮಾತು ಬೆಳೆಯಿತು. ಶಿಕ್ಷಕರ ವಿಚಾರ ಹೀಗಿತ್ತು: ವರ ಬೇಡಲು ನಾವು ಇಲ್ಲಿಗೆ ಬಂದಿಲ್ಲ. ನಮ್ಮ ಹಿರಿಯರು ಕೈಯಿಂದ ಏನು ಮಾಡಿದರು, ಕನ್ನಡವನ್ನು ಹೇಗೆ ಬರೆದರು, ನೀರನ್ನು ಹೇಗೆ ಕಾಯ್ದರೆಂದು ತಿಳಿಯಲು ಬಂದಿದ್ದೇವೆ. ಕಲ್ಲುಕುಟಿಗನ ಕಾಯಕವನ್ನು ಕಣ್ಣಾರೆ ನೋಡುವುದು ಕಾಯಕವನ್ನು ಗೌರವಿಸಿದಂತೆಯೇ. ಇನ್ನು ನಡಿಗೆಯ ಮಾತು. ಜಂಗಮವೆಂದರೇ ಚಲಿಸುವುದು. ದೇಹವೇ ಗುಡಿಯೆಂದಮೇಲೆ ಆ ಗುಡಿಯನ್ನು ಕುರ್ಚಿಯ ಮೇಲೆ ಕೂಡಿಸಿ ಜಡವಾಗಿಸಬಹುದೇ? ಬಿಸಿಲಿಗೆ, ಏರಿಗೆ, ನೀರಡಿಕೆಗೆ ಒಡ್ಡಿದಾಗ ತಾನೆ ಆ ಗುಡಿಯ ಕಂಬಗಳು ಎಷ್ಟು ಗಟ್ಟಿಯೆಂದು ತಿಳಿಯುವುದು! ತರುಣನು ಒಪ್ಪಿದನೋ ಇಲ್ಲವೋ ತಿಳಿಯದು. ಮೂರನೆಯ ರೊಟ್ಟಿಗೆ ಮಾತ್ರ ಕೈ ಚಾಚಿದನು.

ಹಾನಗಲ್ಲಿನಿಂದ ಬಂದ ಜೋಳಿಗೆ

ತರುಣರನ್ನು ಬಾದಾಮಿಯ ಕಡೆಗೆ ಹೋಗುವ ವಾಹನಕ್ಕೆ ಹತ್ತಿಸಿ, ಸುತ್ತಿ ಬಂದಿದ್ದ ನಮ್ಮ ವಾಹನದಲ್ಲಿ ನಂದಿಕೇಶ್ವರವನ್ನು ದಾಟಿ ಶಿವಯೋಗಮಂದಿರವನ್ನು ತಲುಪಿದಾಗ ಹೊತ್ತು ಇಳಿಮುಖವಾಗಿತ್ತು. ಕೆಂಬಂಡೆಯ ಗುಡ್ಡಗಳು ಇಲ್ಲಿ ದೂರ ಸರಿದು, ಮಲಪ್ರಭೆಯು ಶಾಂತವಾಗಿ ಹರಿಯುತ್ತಾಳೆ. ಈ ಶಾಂತಳೇ 2019ರ ಆಗಸ್ಟಿನಲ್ಲಿ ಉಕ್ಕಿ ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೆ ನುಗ್ಗಿದ್ದಳು. ಬರ ಮತ್ತು ನೆರೆ ಎರಡನ್ನೂ ಒಂದೇ ನದಿಯ ದಂಡೆಯಲ್ಲಿ ಕಂಡ ಜನರ ಸೀಮೆಯಿದು.

ಈ ಮಂದಿರಕ್ಕೂ ನಮ್ಮ ನೆಲಕ್ಕೂ ಇರುವ ಸಂಬಂಧವನ್ನು ಹೊಸ ಪೀಳಿಗೆಗೆ ಮತ್ತೆ ಹೇಳಬೇಕಾಗಿದೆ. 1867ರಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದ ಹಾಲಯ್ಯ ಎಂಬ ಬಾಲಕನು ಮುಂದೆ ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳಾದರು. 1904ರಲ್ಲಿ ಅವರ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆಯು ರೂಪುಗೊಂಡಿತು. 1909ರಲ್ಲಿ ಈ ನದಿಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮಠಗಳಿಗೆ ವಿದ್ಯೆಯೂ ಶೀಲವೂ ಉಳ್ಳ ಸ್ವಾಮಿಗಳು ದೊರೆಯದಿದ್ದರೆ ಸಮಾಜಕ್ಕೆ ದಾರಿ ತೋರುವವರು ಯಾರು ಎಂಬ ಚಿಂತೆಯಿಂದ, ವಟುಗಳಿಗೆ ಶಾಸ್ತ್ರ, ಸಂಗೀತ, ಯೋಗಗಳನ್ನು ಕಲಿಸುವ ಗುರುಕುಲವನ್ನು ಇಲ್ಲಿ ಕಟ್ಟಿದರು. ಗೋಶಾಲೆ ಬೆಳೆಯಿತು, ಶುದ್ಧ ವಿಭೂತಿಯ ತಯಾರಿಕೆ ನಡೆಯಿತು, ತಾಡವೋಲೆಗಳ ಸಂಗ್ರಹವಾಯಿತು. ಇದಕ್ಕೆಲ್ಲ ಬೇಕಾದ ಕಾಳು ಕಡಿಗಳನ್ನು, ಹಣವನ್ನು ಪೂಜ್ಯರು ಹಳ್ಳಿ ಹಳ್ಳಿ ಸುತ್ತಿ ಜೋಳಿಗೆ ಹಿಡಿದು ಕೂಡಿಸಿದರು.

ನಮ್ಮ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಕಣ್ಣಿಲ್ಲದ ಬಾಲಕನೊಬ್ಬನ ಕೊರಳಿನಲ್ಲಿ ಸಂಗೀತವಿರುವುದನ್ನು ಗುರುತಿಸಿ, ಅವನಿಗೆ ವಿದ್ಯೆ ಕೊಡಿಸಿದವರೂ ಈ ಪೂಜ್ಯರೇ. ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯರಾಗಿ ಬೆಳೆದ ಪುಟ್ಟರಾಜ ಗವಾಯಿಗಳೂ (1914–2010) ಹಾನಗಲ್ಲ ತಾಲ್ಲೂಕಿನವರೇ, ಅವರಿಗೂ ಕಣ್ಣಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನ, ಆಸರೆ, ವಿದ್ಯೆಗಳು ದೊರೆತದ್ದು ಈ ಪರಂಪರೆಯಿಂದಲೇ. ಒಂದು ಜೋಳಿಗೆಯಿಂದ ಎಷ್ಟು ಮನೆಗಳ ದೀಪ ಹತ್ತಿದವೆಂಬುದನ್ನು ಎಣಿಸುವವರಾರು!

ಪೂಜ್ಯರು 1930ರಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆಯ ಮುಂದೆ ನಾವು ದಣಿದ ಕಾಲುಗಳನ್ನು ಮಡಿಸಿಕೊಂಡು ಕುಳಿತಾಗ ವಟುಗಳ ಸಂಜೆಯ ಪ್ರಾರ್ಥನೆ ಆರಂಭವಾಗಿತ್ತು. ಎಳೆಯ ಕೊರಳುಗಳ ಆ ನಾದ ನದಿಯ ಮೇಲೆ ಹಾಯ್ದು ಆಚೆಯ ದಂಡೆಯನ್ನು ಮುಟ್ಟುತ್ತಿತ್ತು. ತಮ್ಮದೆಂದು ಏನನ್ನೂ ಇಟ್ಟುಕೊಳ್ಳದವರೊಬ್ಬರು ಕಟ್ಟಿದ ನೀರಿನ ಅರವಟಿಗೆಯಿದು ಎಂದು ನಮಗೆ ತೋರಿತು. ನೂರು ವರುಷ ದಾಟಿದರೂ ನೀರಡಿಸಿದವರು ಬರುತ್ತಲೇ ಇದ್ದಾರೆ. ಕೊಡ ತುಂಬಿಡುವ ಕೆಲಸ ಮಾತ್ರ ಈಗ ನಮ್ಮ ನಿಮ್ಮಂತಹ ಮನೆತನಗಳದು. ಮಕ್ಕಳನ್ನು ಇಲ್ಲಿಗೆ ಕರೆತರುವುದು, ಬೆಳೆ ಬಂದಾಗ ಒಂದು ಚೀಲ ಜೋಳವನ್ನು ಮಂದಿರಕ್ಕೆ ಮುಟ್ಟಿಸುವುದು ಯಾರಿಗೂ ಭಾರವಾಗಲಾರದು.

ಹೋಗಬಯಸುವವರಿಗೆ ನಾಲ್ಕು ಮಾತು

ಈ ನಡಿಗೆಯನ್ನು ದಸರೆಯ ನಂತರ, ಶಿವರಾತ್ರಿಗೆ ಮೊದಲು ಮಾಡುವುದು ಲೇಸು. ಬೇಸಿಗೆಯಲ್ಲಿ ಬಂಡೆ ಕಾದು ಬೆಂಕಿಯಾಗುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಬೆಳಿಗ್ಗೆ ಏಳರೊಳಗೆ ಹತ್ತತೊಡಗಬೇಕು. ತಲೆಗೆ ರುಮಾಲು, ಕಾಲಿಗೆ ಗಟ್ಟಿ ಚಪ್ಪಲಿ, ಪ್ರತಿಯೊಬ್ಬರಿಗೂ ಮೂರು ಲೀಟರು ನೀರು, ಸ್ವಲ್ಪ ಬೆಲ್ಲ ಮತ್ತು ಉಪ್ಪು ಇರಲೇಬೇಕು. ಮೇಲಿನ ಬಯಲಿನಲ್ಲಿ ಕವಲುದಾರಿಗಳು ಬಹಳ. ಆದ್ದರಿಂದ ಹಾದಿ ಬಲ್ಲ ಸ್ಥಳೀಯರೊಬ್ಬರನ್ನು ಕರೆದುಕೊಂಡು ಹೋಗಿರಿ, ಅವರ ಕೂಲಿಯನ್ನು ಮನಃಪೂರ್ವಕ ಕೊಡಿರಿ. ಮಂಗಗಳಿಗೆ ತಿನಿಸು ತೋರಿಸಬಾ­ರದು. ಹೃದಯದ ತೊಂದರೆಯಿದ್ದವರು, ಮಂಡಿನೋವು ಹೆಚ್ಚಿರುವವರು ವಾಹನದಲ್ಲಿಯೇ ಮಹಾಕೂಟಕ್ಕೆ ಬರಬಹುದು.

ಅಮೆರಿಕೆಯ ಆ ಮಹಾಕಣಿವೆಯಲ್ಲಿ, ನದಿಯವರೆಗೆ ಇಳಿದು ಒಂದೇ ದಿನದಲ್ಲಿ ಮರಳಿ ಹತ್ತುವ ಸಾಹಸ ಬೇಡವೆಂದು ಉದ್ಯಾನದವರು ಪ್ರತಿಯೊಬ್ಬ ಯಾತ್ರಿಕನಿಗೂ ಎಚ್ಚರಿಕೆ ಕೊಡುತ್ತಾರೆ. ಒಯ್ದ ಕಸವನ್ನು ಮರಳಿ ತರುವುದು ಅಲ್ಲಿನ ಕಟ್ಟುನಿಟ್ಟು. ನಮ್ಮಲ್ಲಿ ಗುಹೆಗಳಿಗೂ ಗುಡಿಗಳಿಗೂ ಪುರಾತತ್ತ್ವ ಇಲಾಖೆಯ ಕಾವಲುಂಟು. ಅವುಗಳ ನಡುವಿನ ಹಾದಿಯನ್ನು ಕಾಯುವವರು ನಡೆಯುವವರೇ. ನಮ್ಮ ಮಕ್ಕಳು ಅಂದು ದಾರಿಯಲ್ಲಿ ಆಯ್ದ ಬಾಟಲಿಗಳು ಎರಡು ಗೋಣಿಚೀಲ ತುಂಬಿದವು. ಅವುಗಳನ್ನು ಕೆಳಗೆ ತಂದು ಕಸದ ತೊಟ್ಟಿಗೆ ಹಾಕಿದೆವು.

ಐವತ್ತು ಕೋಟಿ ವರುಷಗಳ ಕಲ್ಲಿಗೆ ನಮ್ಮ ರಕ್ಷಣೆಯ ಹಂಗಿಲ್ಲ. ನಾವು ಅಳಿದ ಮೇಲೂ ಅದು ನಿಲ್ಲುತ್ತದೆ. ಆದರೆ ಬಂಡೆಯ ಸಂದಿನ ಒಂದು ಬೊಗಸೆ ತಿಳಿನೀರು, ಸವೆದ ಮೆಟ್ಟಿಲುಗಳ ಒಂದು ಹಾದಿ, ಗುರುತಿಲ್ಲದವನಿಗೂ ನೀರು ಕೊಡುವ ಒಂದು ರೂಢಿ, ಇವು ಮೂರೂ ಒಂದು ಪೀಳಿಗೆ ಮೈಮರೆತರೆ ಸಾಕು, ಇಲ್ಲವಾಗುತ್ತವೆ. ಈ ಚಳಿಗಾಲದಲ್ಲಿ ಓದುಗ ಬಂಧುಗಳು ಮನೆಮಂದಿಯೊಡನೆ ಆ ಹಾದಿಯನ್ನೊಮ್ಮೆ ನಡೆದು ಬರಲಿ ಎಂಬುದೇ ನಮ್ಮ ವಿನಂತಿ. ಹೋಗುವಾಗ ನಿಮಗೆ ಬೇಕಾದುದಕ್ಕಿಂತ ಎರಡು ಬಾಟಲಿ ಹೆಚ್ಚು ನೀರು ಹೊತ್ತುಕೊಂಡು ಹೋಗಿರಿ.